ಇಕ್ಕಳದ ಗುರಪ್ಪನ ಪಾಳಿ

ಆಲಮೇಲದ ಸುತ್ತಮುತ್ತ ಗುರಪ್ಪ ಅಂದರೆ ಯಾವ ಗುರಪ್ಪ ಎಂದು ಕೇಳುತ್ತಾರೆ. ಇಕ್ಕಳದ ಗುರಪ್ಪ ಅಂದರೆ ಯಾರೂ ಕೇಳುವುದಿಲ್ಲ. ದನದ ದವಾಖಾನೆಯಲ್ಲಿ ಅವನು ಜವಾನ. ಕಾಗದದ ಪ್ರಕಾರ ಅವನ ಕೆಲಸ ಕಸ ಗುಡಿಸುವುದು, ಬಾಟಲಿ ತೊಳೆಯುವುದು, ಡಾಕ್ಟರರು ಹೇಳಿದಾಗ ಎಮ್ಮೆಯ ಕೊಂಬು ಹಿಡಿಯುವುದು. ಆದರೆ ಹೋರಿಯ ಬೀಜ ಒಡೆಸಿ ಎತ್ತು ಮಾಡಿಸಲು ಬಂದ ರೈತ ಡಾಕ್ಟರರ ಮುಖವನ್ನೂ ನೋಡುವುದಿಲ್ಲ. "ಗುರಪ್ಪ ಅದಾನೇನ್ರಿ?" ಎಂದು ಕೇಳುತ್ತಾನೆ. ಇಲ್ಲ ಅಂದರೆ ಹೋರಿಯನ್ನು ಹೊಡೆದುಕೊಂಡು ವಾಪಸು ಹೋಗಿ ಮರುದಿನ ಬರುತ್ತಾನೆ.

ಕೈಯೂ ಅಂಥದ್ದೇ. ಎಂಥ ಮೊಂಡ ಹೋರಿಯಾದರೂ ಗುರಪ್ಪ ಹಗ್ಗ ಸುತ್ತಿ ಎಳೆದನೆಂದರೆ ತಾನಾಗಿಯೇ ಮಲಗಿದಂತೆ ಮಲಗುತ್ತಿತ್ತು. ಎರಡು ಬೆರಳಿನಲ್ಲಿ ನರ ಹುಡುಕಿ, ಬೀಜದ ಮೇಲ್ಭಾಗಕ್ಕೆ ಇಕ್ಕಳ ಕೊಟ್ಟು, ಹಿಡಿಕೆ ಕೂಡಿಸಿ ಒತ್ತಿದರೆ ಮುಗಿಯಿತು. ಚರ್ಮ ಹರಿಯುವುದಿಲ್ಲ, ಒಂದು ಹನಿ ರಕ್ತ ಬೀಳುವುದಿಲ್ಲ. ಒತ್ತುವ ಮುಂಚೆ ಹೋರಿಯ ಕಿವಿಯ ಹತ್ತಿರ ಬಾಗಿ, "ತಪ್ಪಾತಪಾ ಯಪ್ಪಾ, ನಿಂದೂ ಹೊಟ್ಟಿಪಾಡು, ನಂದೂ ಹೊಟ್ಟಿಪಾಡು" ಅನ್ನುವುದು ಅವನ ಪದ್ಧತಿ. ಹದಿಮೂರು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಹೋರಿಯೂ ಬಾವು ಬಂದು ಸತ್ತಿಲ್ಲ. ಇದನ್ನು ಗುರಪ್ಪ ತಾನೇ ಹೇಳಿಕೊಳ್ಳುತ್ತಿದ್ದ, ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳಲಿ ಬಿಡಿ. ಕೆಲಸ ಬಲ್ಲವನ ಜಂಬ ಕೇಳಲು ಚೆನ್ನಾಗಿಯೇ ಇರುತ್ತದೆ, ಕೆಲಸ ಬಾರದವನ ವಿನಯಕ್ಕಿಂತ ಎಷ್ಟೋ ಮೇಲು.

ಶ್ರಾವಣದ ಒಂದು ಬೆಳಿಗ್ಗೆ ಗುರಪ್ಪ ಮನೆಯ ಅಂಗಳದಲ್ಲಿ ಕುಳಿತು ಇಕ್ಕಳಕ್ಕೆ ಎಣ್ಣೆ ಹಚ್ಚುತ್ತಿದ್ದ. ಹೆಂಡತಿ ಜಯಮಾಲಾ ಹತ್ತು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಎದುರು ನಿಂತಳು.

"ಸಿದ್ದೀಕಾ ಅಕ್ಕಾರು ನಿಮ್ಮನ್ನ ಬರಾಕ ಹೇಳ್ಯಾರ್ರಿ."

ಸಿದ್ದೀಕಾ ಊರಿನ ನರ್ಸು. ಮನೆಯಲ್ಲಿ ಒಂದು ಎಮ್ಮೆ ಕಟ್ಟಿದ್ದಳು. ಗುರಪ್ಪನನ್ನು ಯಾರಾದರೂ ಕರೆದರೆ ದನಕ್ಕಾಗಿಯೇ ಕರೆಯುವುದು.

"ಯಾಕ, ಎಮ್ಮಿಗೆ ಏನಾತಂತ?"

"ಎಮ್ಮಿಗೆ ಏನೂ ಆಗಿಲ್ಲ. ನನ್ನ ಆಪರೇಶನ್ ಆಗಂಗಿಲ್ಲಂತ. ನೀವು ಮಾಡಿಸ್ಕೋಬೇಕಂತ."

ಎಣ್ಣೆಯ ಬಟ್ಟೆ ಹಿಡಿದ ಕೈ ಹಾಗೇ ನಿಂತಿತು.

ಜಯಮಾಲಾಳ ಮೊದಲಿನ ಎರಡೂ ಹೆರಿಗೆ ಹೊಟ್ಟೆ ಕೊಯ್ದು ಆದವು. ಮೂರನೆಯದಕ್ಕೆ ಆಲಮೇಲದಿಂದ ಸಿಂದಗಿಗೆ, ಸಿಂದಗಿಯಿಂದ ವಿಜಯಪುರಕ್ಕೆ ಆಂಬ್ಯುಲೆನ್ಸ್ ಓಡಿತ್ತು. ಕೂಸು ಬಂತು, ತಾಯಿಯ ರಕ್ತ ನಿಲ್ಲಲಿಲ್ಲ. ಆರು ಬಾಟಲಿ ರಕ್ತ ಹಾಕಿ ಆಕೆಯನ್ನು ಬದುಕಿಸಿದ ಡಾಕ್ಟರಮ್ಮ ಹೊರಗೆ ಬಂದು ಗುರಪ್ಪನಿಗೆ ಎರಡು ಮಾತು ಹೇಳಿದ್ದರು. ಈಕೆ ಮತ್ತೊಮ್ಮೆ ಬಸಿರಾಗಬಾರದು. ಈಕೆಯ ಹೊಟ್ಟೆಯನ್ನು ಮತ್ತೊಮ್ಮೆ ತೆರೆಯಲೂಬಾರದು, ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿದೆ. ಅವತ್ತು ಗುರಪ್ಪ ತಲೆ ಅಲ್ಲಾಡಿಸಿದ್ದ. ಹೆಂಡತಿ ಬದುಕಿದಳು ಅನ್ನುವುದೊಂದೇ ಅವನ ಕಿವಿಗೆ ಬಿದ್ದಿತ್ತು. ಆಮೇಲೆ ಗುಳಿಗೆ ನುಂಗಿ ನೋಡಿದಳು, ಬಿ.ಪಿ. ಏರಿತು. ಸಿದ್ದೀಕಾ ಕೊಡುತ್ತಿದ್ದ ನಿರೋಧದ ಪಾಕೀಟುಗಳ ಮೇಲೆ ಸಂಸಾರ ಹೇಗೋ ನಡೆದಿತ್ತು.

"ಮತ್ತ ಆ ಪಾಕೀಟು ಅದಾವಲ್ಲ," ಅಂದ ಗುರಪ್ಪ.

"ಹೋದ ತಿಂಗಳ ಒಂದು ಹರೀತಲ್ರಿ. ನೆನಪೈತೇನು?"

ನೆನಪಿತ್ತು. ಆದರೆ ಅದೊಂದು ದೊಡ್ಡ ಸಂಗತಿ ಎಂದು ಅವನಿಗೆ ಅನ್ನಿಸಿರಲಿಲ್ಲ.

"ಆಮ್ಯಾಲ ಹನ್ನೊಂದು ದಿನ ನಾ ಹೆಂಗ ಕಳದೆ ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೊಡ್ಡಾಕಿಗೆ ರೊಟ್ಟಿ ಬಡಿಯೂದು ಕಲಿಸಿದೆ. ಎಂಟು ವರ್ಷದ ಹುಡಿಗಿಗೆ! ತಮ್ಮನ ಅಂಗಿ ಎಲ್ಲಿರ್ತಾವ, ಕೂಸಿಗೆ ಹಾಲು ಎಷ್ಟು ಬಿಸಿ ಮಾಡಬೇಕು, ಎಲ್ಲಾ ತೋರಿಸಿಕೊಟ್ಟೆ. ಹನ್ನೆರಡನೇ ದಿನ ಮುಟ್ಟಾದೆ. ಬಚ್ಚಲದಾಗ ಕುಂತು ಅತ್ತೆ." ಜಯಮಾಲಾಳ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಾ ಸಾಯಾಕ ಅಂಜೂದಿಲ್ರಿ. ಇವು ಮೂರನ್ನ ಬಿಟ್ಟು ಸಾಯಾಕ ಅಂಜತೇನಿ."

ಗುರಪ್ಪನಿಗೆ ತಲೆ ಎತ್ತಲಾಗಲಿಲ್ಲ. ಮಗಳು ಬಡಿದ ಸೊಟ್ಟ ರೊಟ್ಟಿಯನ್ನು ಮೊನ್ನೆ ತಾನೇ ನಗುತ್ತ ತಿಂದಿದ್ದ, ಭೇಷ್ ಎಂದು ಬೆನ್ನು ತಟ್ಟಿದ್ದ. ಆ ರೊಟ್ಟಿಯ ಹಿಂದೆ ಏನಿತ್ತು ಅನ್ನುವುದು ಈಗ ತಿಳಿಯಿತು.

ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಚನ್ನವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಎಪ್ಪತ್ತರ ಮುದುಕಿ, ಮಾತಿಗೆ ಕಡಿಮೆ ಇಲ್ಲದವಳು. ಅವತ್ತು ಮಾತ್ರ ಒಂದೂ ಮಾತಾಡದೆ ಮೊರವನ್ನು ಗೋಡೆಗೆ ಆನಿಸಿ ಎದ್ದು ಹಿತ್ತಿಲಿಗೆ ಹೋದಳು. ಮಗನ ಮರ್ಯಾದೆಯ ಮಾತು ಕೇಳಲಾಗದೆ ಎದ್ದುಹೋದಳು ಎಂದು ಗುರಪ್ಪ ತಿಳಿದ.

ಬೇರೆ ಗಂಡಸರಿಗೆ ಈ ಆಪರೇಶನ್ ಬಗ್ಗೆ ಇರುವ ಅಂಜಿಕೆ ಯಾರೋ ಹೇಳಿದ್ದನ್ನು ಕೇಳಿ ಬಂದದ್ದು. ಗುರಪ್ಪನದು ಕಣ್ಣಾರೆ ಕಂಡು ಬಂದದ್ದು. ಇಕ್ಕಳ ಹಾಕಿದ ಮೇಲೆ ಹೋರಿ ಏನಾಗುತ್ತದೆ ಅನ್ನುವುದು ಅವನಷ್ಟು ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಮೂರು ತಿಂಗಳಿಗೆ ಕೊರಳು ಸಣ್ಣಗಾಗುತ್ತದೆ. ಹೆಗಲ ಮೇಲಿನ ಇಣಿ, ಅಂದರೆ ಡುಬ್ಬ, ಕರಗುತ್ತದೆ. ಗುಟುರು ಹಾಕುವ ಗಂಟಲು ಮೆತ್ತಗಾಗುತ್ತದೆ. ಆಮೇಲೆ ಎಳೆದ ಕಡೆ ನಡೆಯುತ್ತದೆ, ಕಟ್ಟಿದ ಕಡೆ ನಿಲ್ಲುತ್ತದೆ, ಚಿಕ್ಕ ಮಗು ಹೊಡೆದರೂ ತಿರುಗಿ ನೋಡುವುದಿಲ್ಲ. ಹೋರಿಗೆ ಅದು ಇರಲಿ, ನೊಗಕ್ಕೆ ಬೇಕು. ಗುರಪ್ಪನಿಗೆ ಹಾಗಾದರೆ? ಮರುದಿನ ಸ್ನಾನಕ್ಕೆ ಕುಳಿತಾಗ ತನ್ನ ಕೊರಳನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ನೋಡಿಕೊಂಡ.

ಸಿದ್ದೀಕಾ ದಾರಿಯಲ್ಲಿಯೇ ಹಿಡಿದು ನಿಲ್ಲಿಸಿದಳು. ಇಪ್ಪತ್ತು ವರ್ಷದಿಂದ ಊರಿನ ಹೆಂಗಸರ ಹೆರಿಗೆ, ಮಕ್ಕಳ ಸೂಜಿ ನೋಡಿಕೊಂಡ ಹೆಂಗಸು, ಅವಳಿಗೆ ಸುತ್ತಿ ಬಳಸಿ ಮಾತಾಡುವುದು ಬರುತ್ತಿರಲಿಲ್ಲ.

"ಗುರಪ್ಪಣ್ಣಾ, ಹದಿನೈದು ನಿಮಿಷದ ಕೆಲಸ. ಹೋಗಿ ಸಂಜಿಕ ಮನಿಗೆ ಬರ್ತಿ."

"ನಂದು ಒಂದ ನಿಮಿಷದ ಕೆಲಸ ಅಕ್ಕಾರ. ಎಷ್ಟು ಹಗುರ ಐತಿ ಅನ್ನೂದು ಹೋರಿನ್ನ ಕೇಳ್ರಿ."

"ಹೋರಿ ಬ್ಯಾರೆ, ನೀ ಬ್ಯಾರೆ."

"ನನ್ನ ಕಣ್ಣಿಗೆ ಅಷ್ಟೇನೂ ಬ್ಯಾರೆ ಕಾಣಂಗಿಲ್ರಿ," ಅಂದ ಗುರಪ್ಪ. ಸಿದ್ದೀಕಾ ನಕ್ಕಳು. ಅವನು ನಗಲಿಲ್ಲ.

ಆದರೆ ಹನ್ನೊಂದು ದಿನದ ಮಾತು ಅವನನ್ನು ಬಿಡಲಿಲ್ಲ. ಉಣ್ಣಲು ಕುಳಿತರೆ ನೆನಪಾಗುತ್ತಿತ್ತು. ಹೆಂಡತಿಯ ಹತ್ತಿರ ಹೋಗಲು ಈಗ ಅವನಿಗೇ ಅಂಜಿಕೆ. ಗಂಡಸುತನ ಉಳಿಸಿಕೊಳ್ಳಲು ಹೋಗಿ ಗಂಡಸುತನ ಇದ್ದೂ ಇಲ್ಲದಂತಾಗಿದೆ ಎಂದು ಅನ್ನಿಸಿದ ದಿನ ರಜೆ ಹಾಕಿ ಇಂಡಿ ಊರಿನ ಬಸ್ಸು ಹತ್ತಿದ.

ಇಂಡಿಯಲ್ಲಿ ಇದ್ದದ್ದು ಡಾಕ್ಟರ್ ಬಸಂತರಾಯರು. ದನದ ಡಾಕ್ಟರರಾಗಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಗುರಪ್ಪನ ಕೈಗೆ ಇಕ್ಕಳ ಕೊಟ್ಟು, ನರ ಹುಡುಕುವುದನ್ನು ಕಲಿಸಿದವರು ಅವರೇ. ಊರಿನ ಮಾತು ಅವರ ಕಿವಿಗೆ ಬೀಳಲಿಕ್ಕಿಲ್ಲ ಅನ್ನುವ ಧೈರ್ಯದ ಮೇಲೆ ಗುರಪ್ಪ ಅವರ ಕಟ್ಟೆಯ ಮೇಲೆ ಕುಳಿತು, ಚಹಾ ಮುಗಿಯುವ ತನಕ ಮಳೆ ಬೆಳೆ ಮಾತಾಡಿ, ಕೊನೆಗೆ ಬಾಯಿ ಬಿಟ್ಟ.

"ಸರ, ನಮ್ಮ ದೋಸ್ತ ಒಬ್ಬಾಂವ ಅದಾನ್ರಿ. ಅವನ ಹೆಂಡತಿಗೆ ಇನ್ನ ಹೆರಿಗಿ ಆಗಬಾರದು ಅಂತ ಡಾಕ್ಟರು ಹೇಳ್ಯಾರ್ರಿ. ಅಂವ ಆಪರೇಶನ್ ಮಾಡಿಸ್ಕೋಬೇಕೋ ಬ್ಯಾಡೋ ಅಂತ..."

"ಆ ದೋಸ್ತನ ಹೆಂಡತಿ ಹೆಸರು ಜಯಮಾಲಾ ಏನೋ?"

ಗುರಪ್ಪ ಬಟ್ಟಲನ್ನು ಕೆಳಗಿಟ್ಟ.

ಮುದುಕರು ನಗಲಿಲ್ಲ, ಅದು ಅವರ ದೊಡ್ಡತನ. "ನಿನ್ನ ಎಡಗಡಿ ಪಕ್ಕಡಿ ಎಲುಬು ಮುರದಿತ್ತಲ್ಲ, ಯಾವ ಹೋರಿ ಅದು?" ಎಂದು ಕೇಳಿದರು.

ಅದನ್ನು ಕೇಳಬೇಕೆ! ಗುರಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆರು ವಾರ ದನ ಸಾಕುವ ಫಾರ್ಮ್ ಒಂದರಲ್ಲಿ ತರಬೇತಿಗೆ ಇದ್ದ. ಅಲ್ಲಿ ಸರದಾರ ಎಂಬ ಕಪ್ಪು ಹೋರಿ ಇತ್ತು. ಒಂದು ದಿನ ಅದು ಗುರಪ್ಪನನ್ನು ಕಂಬಕ್ಕೆ ಒತ್ತಿ ಪಕ್ಕೆಲುಬು ಮುರಿಯಿತು. ಎಲುಬು ಮುರಿದರೂ ಗುರಪ್ಪ ಮೂಗುದಾಣ ಬಿಟ್ಟಿರಲಿಲ್ಲ. ಈ ಕತೆ ಕೇಳದ ಮನುಷ್ಯ ಆಲಮೇಲದಲ್ಲಿ ಇಲ್ಲ. ಎಲುಬು ಸ್ವಲ್ಪ ಸೊಟ್ಟಗೆ ಕೂಡಿತ್ತು. ಅಂಗಿ ಎತ್ತಿ ಅದನ್ನು ತೋರಿಸುವುದೂ ಕತೆಯ ಒಂದು ಭಾಗ.

"ಸರದಾರ ಅಲ್ರಿ ಸರ! ಅಂಥಾ ಹೋರಿ ನಾ ಮತ್ತ ನೋಡಿಲ್ಲ. ಗುಟುರು ಹಾಕಿದ್ರ ಎರಡು ಹೊಲದಾಚೆ ಕೇಳತಿತ್ತು."

"ಆ ಸರದಾರಗ ಆಪರೇಶನ್ ಮಾಡಿದಾಂವ ನಾನ. ನೀ ಬರೂಕಿಂತ ಎರಡು ವರ್ಷ ಮೊದಲ."

ಗುರಪ್ಪನಿಗೆ ಅರ್ಥವಾಗಲಿಲ್ಲ. "ಒಡದಿದ್ರೇನ್ರಿ?"

"ಒಡದಿದ್ರ ಅದು ನಿನ್ನ ಎಲುಬು ಮುರಿತಿತ್ತೇನು? ಬರೇ ವೀರ್ಯ ಹರಿಯೂ ನಾಳ ಕತ್ತರಿಸಿದ್ದೆ. ನಿನಗ ಮಾಡ್ತಾರಲ್ಲ, ಅದ. ನೂರು ಆಕಳ ಇದ್ದ ಫಾರ್ಮ್ ಅದು. ಯಾವ ಆಕಳ ಬೆದಿಗೆ ಬಂದೈತಿ ಅಂತ ಮನಿಶ್ಯಾಗ ತಿಳಿಯೂದಿಲ್ಲ, ಹೋರಿಗೆ ತಿಳಿತೈತಿ. ಅದಕ್ಕ ಸರದಾರನ್ನ ಒಳಗ ಬಿಡ್ತಿದ್ದಿವಿ. ಅಂವ ಹುಡುಕತಿದ್ದ, ಏರತಿದ್ದ, ಎಲ್ಲಾ ಮಾಡತಿದ್ದ. ಕರ ಅಷ್ಟ ಆಗ್ತಿದ್ದಿಲ್ಲ."

ಬಸಂತರಾಯರು ತಮ್ಮ ಎಡಗೈಯ ಬೆರಳುಗಳನ್ನು ಕೂಡಿಸಿ ಹಿಡಿದರು. "ನೀ ಇಕ್ಕಳ ಹಾಕಿದ್ರ ಎಲ್ಲಾ ಬಂದ್. ರಕ್ತದ ನರ, ನಾಳ, ಎಲ್ಲಾ. ರಕ್ತ ಹೋಗಲಿಲ್ಲ ಅಂದ್ರ ಬೀಜ ಒಣಗತೈತಿ, ಗಂಡಸುತನ ಅದರ ಜೋಡಿ ಹೋಗತೈತಿ." ಒಂದೇ ಬೆರಳನ್ನು ಬಿಡಿಸಿ ಮಡಚಿದರು. "ಅವರು ಇದೊಂದನ್ನ ಕತ್ತರಸ್ತಾರ. ಉಳಿದದ್ದಕ್ಕ ಕೈ ಹಚ್ಚಂಗಿಲ್ಲ. ಹದಿಮೂರು ವರ್ಷ ಬೆರಳಿಲೆ ಆ ನರ ಹಿಡದೀದಿ, ಅದರಾಗ ಎಷ್ಟು ಎಳಿ ಅದಾವ ಅಂತ ನಿನಗ ನಾ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ಗುರಪ್ಪನ ಹೆಬ್ಬೆರಳು ಮತ್ತು ತೋರುಬೆರಳು ತಾವಾಗಿಯೇ ಒಂದನ್ನೊಂದು ತಿಕ್ಕಿ ನೋಡಿದವು. ದಪ್ಪನೆಯ ಎಳೆ, ತೆಳ್ಳನೆಯ ಎಳೆ, ಅವುಗಳ ನಡುವೆ ಗಟ್ಟಿಯಾಗಿ ಜಾರುವ ಒಂದು ಎಳೆ. ಎಷ್ಟೋ ಸಲ ಹಿಡಿದಿದ್ದ, ಒಮ್ಮೆಯೂ ಯೋಚಿಸಿರಲಿಲ್ಲ. ಮನುಷ್ಯರ ಮಾತು ನಂಬುವುದು ಅವನಿಗೆ ಕಷ್ಟ. ಬೆರಳು ಹೇಳಿದ್ದನ್ನು ನಂಬದೆ ಇರಲು ಅವನಿಂದ ಆಗುತ್ತಿರಲಿಲ್ಲ.

ಇನ್ನೊಂದು ಕೈ ಅಂಗಿಯ ಮೇಲಿಂದ ಸೊಟ್ಟ ಎಲುಬನ್ನು ಮುಟ್ಟಿತು. ಇಷ್ಟು ವರ್ಷ ಊರ ತುಂಬ ಮೆರೆಸಿದ ಎಲುಬು! ಅದನ್ನು ಮುರಿದ ಮಹಾ ಗಂಡು ಹೋರಿ ಆಪರೇಶನ್ ಆದದ್ದು! ಗುರಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾರದಷ್ಟು ನಗು ಬಂತು.

"ಸರ, ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ಆ ಕತಿ ನೀ ಎಷ್ಟು ಖುಷಿಲೆ ಹೇಳತಿದ್ದಿ. ನಾ ಯಾಕ ಕೆಡಸಲಿ?"

ಸಂಜೆ ಮನೆಗೆ ಬಂದ ಗುರಪ್ಪ ಚಪ್ಪಲಿ ಬಿಡುವ ಮುಂಚೆಯೇ, ತಾಯಿಯ ಎದುರಿಗೇ, ಹೆಂಡತಿಗೆ ಹೇಳಿದ: "ಸಿದ್ದೀಕಾ ಅಕ್ಕಾರಿಗೆ ನನ್ನ ಹೆಸರು ಬರಸು." ಜಯಮಾಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚನ್ನವ್ವ ಒಲೆಯ ಮುಂದಿನಿಂದ ಒಮ್ಮೆ ಅವನನ್ನು ನೋಡಿ, "ಹೂಂ" ಎಂದು ಮತ್ತೆ ಬೆಂಕಿಯ ಕಡೆ ತಿರುಗಿದಳು. ಆ ಒಂದು ಹೂಂ ಗುರಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಿಂದಗಿಯ ದವಾಖಾನೆಯಲ್ಲಿ ಅವತ್ತು ಹದಿನಾಲ್ಕು ಹೆಂಗಸರು ಆಪರೇಶನ್ನಿಗೆ ಬಂದಿದ್ದರು. ಕೆಲವರ ಮಡಿಲಲ್ಲಿ ಇನ್ನೂ ಕಣ್ಣು ಬಿಡದಂಥ ಕೂಸುಗಳು. ಅವರ ಗಂಡಂದಿರು ಹೊರಗೆ ಬೇವಿನ ಗಿಡದ ಕೆಳಗೆ ಮೊಬೈಲು ನೋಡುತ್ತ ನಿಂತಿದ್ದರು. ಒಳಗಿನ ಬೆಂಚುಗಳ ನಡುವೆ ಗಂಡಸು ಅಂದರೆ ಗುರಪ್ಪ ಒಬ್ಬನೇ. ಮಗಳ ಜೊತೆ ಬಂದ ಒಬ್ಬ ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರನ್ನ ಕರ್ಕೊಂಡು ಬಂದೀಯಪಾ?"

"ನನ್ನ ನಾನ ಕರ್ಕೊಂಡು ಬಂದೇನಬೇ."

ಮುದುಕಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಬೆಂಚಿನ ಉದ್ದಕ್ಕೂ ಪಿಸುಮಾತು ಹೋಯಿತು. ಯಾರೂ ನಗಲಿಲ್ಲ. ಮುದುಕಿ ಸರಿದು ಜಾಗ ಮಾಡಿ, ತಾನು ಕುಳಿತ ಕಡೆ ಕೈಯಿಂದ ಒರೆಸಿ, "ಕುಂಡ್ರು ಯಪ್ಪಾ, ನಿಂತಿ ಯಾಕ" ಅಂದಳು. ಅಷ್ಟು ಹೆಂಗಸರ ನಡುವೆ ಗುರಪ್ಪ ಎದೆ ಸೆಟೆಸಿ ಕುಳಿತ. ಅಂಥ ಮರ್ಯಾದೆಯಿಂದ ಯಾರೂ ಅವನಿಗೆ ಜಾಗ ಬಿಟ್ಟಿರಲಿಲ್ಲ. ಊರ ಪಂಚಾಯತಿಯಲ್ಲೂ ಬಿಟ್ಟಿರಲಿಲ್ಲ.

ಟೇಬಲಿನ ಮೇಲೆ ಮಲಗಿದಾಗ ಅಂಜಿಕೆ ಬಂತು, ಸುಳ್ಳು ಯಾಕೆ ಹೇಳಬೇಕು. ಆದರೆ ಸೂಜಿ ಚುಚ್ಚಿ ಆ ಭಾಗ ಮರಗಟ್ಟಿದ ಮೇಲೆ ಅಂಜಿಕೆಯ ಜಾಗದಲ್ಲಿ ಕಸುಬು ಎದ್ದು ಕುಳಿತಿತು. ಹುಡುಗ ಡಾಕ್ಟರರ ಬೆರಳುಗಳು ನಾಳ ಹುಡುಕುವುದನ್ನು ಅವುಗಳ ಒತ್ತಡದಿಂದಲೇ ಗಮನಿಸಿದ.

"ಸ್ವಲ್ಪ ಮ್ಯಾಲ ನೋಡ್ರಿ ಸರ, ಅಲ್ಲೆ ಸಿಗತೈತಿ."

"ಸುಮ್ಮನ ಮಲಗ್ರಿ," ಅಂದರು ಡಾಕ್ಟರರು. ಸಿಕ್ಕಿದ್ದು ಮಾತ್ರ ಸ್ವಲ್ಪ ಮೇಲೆಯೇ. ಕೈ ಚಲೋ ಐತಿ, ಹದಿನಾರಾಣೆ ಐತಿ, ಎಂದು ಗುರಪ್ಪ ಮನಸ್ಸಿನಲ್ಲೇ ಮೆಚ್ಚಿದ. ಕಿವಿಯಲ್ಲಿ ಒಂದು ಮಾತು ಹೇಳದೆ ಕೆಲಸ ಮುಗಿಸಿಬಿಟ್ಟರಲ್ಲ ಎಂದು ಮಾತ್ರ ಸ್ವಲ್ಪ ಬೇಸರವಾಯಿತು.

ಒಂದು ವಾರ ಭಾರ ಎತ್ತಬೇಡ, ಮೂರು ತಿಂಗಳ ತನಕ ಪಾಕೀಟು ಬಿಡಬೇಡ, ಆಮೇಲೆ ಒಮ್ಮೆ ತಪಾಸಣೆ ಮಾಡಿಸಿದರೆ ಮುಗಿಯಿತು ಎಂದು ಸಿದ್ದೀಕಾ ಹೇಳಿದಳು. ಗುರಪ್ಪ ಎಲ್ಲವನ್ನೂ ಪಾಲಿಸಿದ. ತನ್ನದೂ ಒಂದು ತಪಾಸಣೆ ಸೇರಿಸಿಕೊಂಡ. ಹಗ್ಗದ ತುಂಡಿನಿಂದ ಕೊರಳು ಅಳೆದು ಗಂಟು ಹಾಕಿಟ್ಟಿದ್ದ. ಸೋಮವಾರಕ್ಕೊಮ್ಮೆ ಹಿತ್ತಿಲಿಗೆ ಹೋಗಿ ಕೊರಳಿಗೆ ಹಗ್ಗ ಸುತ್ತಿ ನೋಡುತ್ತಿದ್ದ. ಐದನೆಯ ಸೋಮವಾರ ಜಯಮಾಲಾ ಕಂಡು ಹೌಹಾರಿ ಓಡಿ ಬಂದಳು. ವಿಷಯ ತಿಳಿದ ಮೇಲೆ ನೆಲಕ್ಕೆ ಕುಳಿತು ನಕ್ಕಳು. ಕೂಸು ಹುಟ್ಟಿದ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು. ಕೊರಳು ಇಳಿಯಲಿಲ್ಲ. ಉಳಿದದ್ದೂ ಯಾವುದೂ ಇಳಿದಿಲ್ಲ ಅನ್ನುವುದಕ್ಕೆ ಜಯಮಾಲಾಳ ನಗುವೇ ಸಾಕ್ಷಿ. ಅದಕ್ಕಿಂತ ಹೆಚ್ಚು ಹೇಳುವುದು ನಮಗೆ ತರವಲ್ಲ.

ಇಳಿದದ್ದು ಒಂದೇ, ದವಾಖಾನೆಗೆ ಬರುವ ಹೋರಿಗಳ ಸಂಖ್ಯೆ. ಸಿಂದಗಿಯಿಂದ ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಕಾರ್ತಿಕದ ಚಳಿ ಹಿಡಿಯಿತು, ಹೋರಿ ಒಡೆಸುವ ಕಾಲ. ಬೇರೆ ವರ್ಷ ಅಂಗಳದಲ್ಲಿ ಹೋರಿ ಕಟ್ಟಲು ಜಾಗ ಇರುತ್ತಿರಲಿಲ್ಲ, ಈ ವರ್ಷ ನಾಯಿ ಮಲಗಿತ್ತು. ತಾನೇ ಎತ್ತಾದವನ ಕೈಯಲ್ಲಿ ಹೋರಿ ನಿಲ್ಲುತ್ತದೆಯೇ ಎಂದು ಚಹಾದಂಗಡಿಯಲ್ಲಿ ಮಾತಾಡಿಕೊಳ್ಳುತ್ತಾರೆ ಎಂದು ಅವನ ಕಿವಿಗೂ ಬಿತ್ತು. ಹೆಂಡತಿಯ ಗುಲಾಮ ಅಂದಿದ್ದರೆ ಸಹಿಸುತ್ತಿದ್ದ. ಕೈಗೆ ಹೆಸರಿಟ್ಟದ್ದು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಮನೆಯಲ್ಲಿ ಚನ್ನವ್ವ ಊಟಕ್ಕೆ ಕರೆಯುವಷ್ಟೇ ಮಾತು ಇಟ್ಟುಕೊಂಡಿದ್ದಳು. ಮಾಡಿದ್ದಕ್ಕೆ ಗುರಪ್ಪ ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ, ಆದರೆ ತಾಯಿಗೆ ತಾನು ನಾಚಿಕೆ ತಂದೆ ಅನ್ನುವ ಸಂಕಟ ಪ್ರತಿ ತುತ್ತಿನಲ್ಲೂ ಇತ್ತು.

ಮೂರು ತಿಂಗಳು ತುಂಬಿ, ತಪಾಸಣೆಯಲ್ಲಿ ಎಲ್ಲ ಸರಿ ಎಂದು ಬಂದ ವಾರವೇ ಕಬ್ಬಿನ ಗದ್ದೆಗಳ ಅನಿಲ ದವಾಖಾನೆಗೆ ಬಂದ. ಗುರಪ್ಪನ ಓರಗೆಯವನು, ಹಣವಂತ, ಬಾಯಿ ಜೋರು. ನಾಲ್ಕು ವರ್ಷದ ಸೊಕ್ಕಿದ ಹೋರಿಯೊಂದನ್ನು ಎರಡು ಹಗ್ಗ ಹಾಕಿ ಎಳೆಸಿಕೊಂಡು ಬಂದಿದ್ದ. ಹಿಂದೆ ಆರು ಜನ ತಮಾಷೆ ನೋಡಲು.

"ಏನಪಾ ಗುರಪ್ಪ, ಕೈ ನಡಿತೈತೋ? ಇಲ್ಲಾ ಅದನ್ನೂ ಸಿಂದಗ್ಯಾಗ ಬಿಟ್ಟು ಬಂದೀಯೋ?"

"ಹೋರಿ ಬಿಡು," ಅಂದ ಗುರಪ್ಪ.

ಹೋರಿ ಬಿಟ್ಟರು. ಅದು ಕಾಲು ಕೆದರಿ ಬಂತು. ಗುರಪ್ಪ ಪಕ್ಕಕ್ಕೆ ಒಂದೇ ಹೆಜ್ಜೆ ಇಟ್ಟ, ಹಗ್ಗ ಎಸೆದ, ಹೆಗಲ ಹಿಂದೆ ಒಂದು ಸುತ್ತು, ಸೊಂಟಕ್ಕೆ ಒಂದು ಸುತ್ತು, ಎಳೆದ. ಆನೆಯಂಥ ಹೋರಿ ಮಂಡಿ ಊರಿ, ಉಸ್ಸೆಂದು ಮಗ್ಗುಲಾಯಿತು. ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿ ಇಕ್ಕಳ ಒತ್ತಿದ. ಬಿಟ್ಟಾಗ ಹೋರಿ ಎದ್ದು ಮೈ ಕೊಡವಿ ನಿಂತಿತು. ಒಂದು ಹನಿ ರಕ್ತ ಇರಲಿಲ್ಲ. ನೋಡಲು ಬಂದವರಲ್ಲಿ ಒಬ್ಬ ಮರೆತು ಭೇಷ್ ಅಂದುಬಿಟ್ಟ.

ಅನಿಲನಿಗೆ ಅದನ್ನು ಸಹಿಸಲಾಗಲಿಲ್ಲ. "ಕೈ ಇದ್ರೇನು ಬಂತು? ಹೆಂಡತಿ ಮಾತು ಕೇಳಿ ಎತ್ತಾದ ಗಂಡಸು ಈ ಸೀಮ್ಯಾಗ ಇಂವ ಒಬ್ಬನ," ಅಂದ. ಆರು ಜನರೂ ನಕ್ಕರು.

ಗುರಪ್ಪ ಇಕ್ಕಳವನ್ನು ಹೆಗಲ ಮೇಲಿಟ್ಟುಕೊಂಡು ಅವನೆದುರು ನಿಂತ. "ಹೌದು, ಮಾಡಿಸ್ಕೊಂಡೇನಿ. ನನ್ನ ಹೆಂಡತಿ ಜೀವಂತ ಇರಬೇಕಾಗಿತ್ತು, ಅದಕ್ಕ ಮಾಡಿಸ್ಕೊಂಡೇನಿ. ಯಾರ ಮುಂದ ಬೇಕಾದ್ರೂ ಹೇಳತೇನಿ," ಅಂದ. ಅನ್ನುತ್ತಿದ್ದಂತೆ ಗೇಟಿನ ಕಡೆ ಕಣ್ಣು ಹೋಯಿತು. ಬುತ್ತಿಯ ಗಂಟು ಹಿಡಿದುಕೊಂಡು ಚನ್ನವ್ವ ನಿಂತಿದ್ದಳು. ಎಲ್ಲ ಕೇಳಿದ್ದಳು. ಗುರಪ್ಪ ಇಕ್ಕಳವನ್ನು ಹೆಗಲಿನಿಂದ ಇಳಿಸಿ ತಲೆ ತಗ್ಗಿಸಿದ.

ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡಸರ ನಡುವೆ ನಡೆದು ಬಂದಳು.

"ಅನಿಲಾ, ಬಾಯಿ ತಗದೀದಿ, ಈಗ ಕಿವಿನೂ ತಗಿ. ಊರೂರಿಗೆ ಜೀಪ್ ಬಂದು ಗಂಡಸರನ್ನ ಹಿಡದು ಆಪರೇಶನ್ ಮಾಡಸತಿದ್ದ ವರ್ಷ ಒಂದಿತ್ತು. ಆಗ ನನಗ ಮೂರು ಮಕ್ಕಳು. ಜೀಪ್ ಬಂತು ಅಂದಕೂಡ್ಲೆ ಇವರಪ್ಪ ಓಡಿ ಜೋಳದ ಹೊಲ ಸೇರಿದ. ಮೂರು ದಿನ ಹೊರಗ ಬರಲಿಲ್ಲ. ರೊಟ್ಟಿ ಒಯ್ದು ಕೊಟ್ಟು ಬರಾಕಿ ನಾನ. ಓಡಿ ಉಳದಾ, ಭೇಷ್ ಗಂಡಸು ಅಂತು ಊರು. ನಾ ಹೊಲದಿಂದ ಬರೂ ಮುಂದ ದಾರಿ ತುಂಬ ಬೇಡಿಕೊಂಡೆ. ದೇವರ, ಇಂವ ಅವರ ಕೈಗೆ ಸಿಗ್ಲಿ. ನನ್ನ ಮೈಯಾಗ ಇನ್ನ ಏನೂ ಉಳದಿಲ್ಲ, ಇಂವ ಸಿಗ್ಲಿ. ಸಿಗಲಿಲ್ಲ."

ಮುದುಕಿ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ಮಾಡಿಕೊಂಡಳು.

"ಆಮ್ಯಾಲ ನಾಕು ಹಡದೆ. ಮೂರು ಮಣ್ಣಿಗೆ ಕೊಟ್ಟೆ. ಒಂದೊಂದು ಸಲಾನೂ ಅಂವ ಹೊರಗ ಕಟ್ಟಿ ಮ್ಯಾಲ ಕುಂತು ಬೀಡಿ ಸೇದತಿದ್ದ. ಕೆಟ್ಟಾಂವ ಅಲ್ಲ. ಅಂಜಿದ್ದ, ಅಷ್ಟ. ಕಡೀಗೆ ಒಂದು ತಿಂಗಳ ಕೂಸು ಬಗಲಾಗ ಎತ್ಕೊಂಡು ನಾನ ಹೋಗಿ ಕೊಯ್ಸಿಕೊಂಡು ಬಂದೆ." ಚನ್ನವ್ವ ಬೆರಳು ಮಾಡಿ ಮಗನನ್ನು ತೋರಿಸಿದಳು. "ಆ ಕೂಸು ಇಂವ. ಅವತ್ತು ಇವರಪ್ಪ ಸಿಕ್ಕಿದ್ರ ಇಂವ ಹುಟ್ಟತಿದ್ದಿಲ್ಲ. ಹುಟ್ಟಬಾರದು ಅಂತ ಬೇಡಿಕೊಂಡ ಮಗ ಇಂವ. ಈಗ ಇಂವ, ಯಾರೂ ಹಿಡಿಲಿಲ್ಲ, ಯಾರೂ ಎಳಿಲಿಲ್ಲ, ತನ್ನ ಕಾಲಿಲೆ ನಡದು ಹೋಗಿ ಹೆಂಡತಿ ಸಲುವಾಗಿ ಮಲಗಿ ಬಂದ. ಅನಿಲಾ, ನಿನ್ನ ಹೆಂಡತಿ ಕೊಯ್ಸಿಕೊಂಡ ದಿನ ನೀ ಎಲ್ಲಿದ್ದಿ?"

ಅನಿಲ ಬಾಗಿ ಹೋರಿಯ ಹಗ್ಗ ಸುತ್ತತೊಡಗಿದ.

ಚನ್ನವ್ವ ಬುತ್ತಿಯನ್ನು ಮಗನ ಕೈಗಿಟ್ಟಳು. ದನಿ ತಗ್ಗಿತು. "ಮೂರು ತಿಂಗಳಾತು ಯಪ್ಪಾ, ಬಾಯಿಗೆ ಬಂದಿದ್ದನ್ನ ನುಂಗಿಕೊಂಡು ಕುಂತಿದ್ದೆ. ಹೇಳಿದ್ರ ಸತ್ತ ನಿಮ್ಮಪ್ಪಗ ಕುಂದು ಬರತೈತಿ ಅಂತ ಸುಮ್ಮನಿದ್ದೆ. ನೀ ತಪ್ಪು ತಿಳಕೊಂಡಿ." ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ, "ಇಂವ ನನ್ನ ಮಗ," ಅಂದಳು.

ಗುರಪ್ಪ ಅಷ್ಟೂ ಗಂಡಸರ ಎದುರಿಗೆ, ಬುತ್ತಿಯನ್ನು ಎದೆಗೆ ಒತ್ತಿಕೊಂಡು, ಜೋರಾಗಿ ಅತ್ತ. ಕಣ್ಣು ಒರೆಸಿಕೊಳ್ಳಲೂ ಹೋಗಲಿಲ್ಲ.